ಆಗದ ಜಗಳಕ್ಕೊಂದು ಮುಚ್ಚಳಿಕೆ

ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಹೊಲದ ಬದುವಿನ ಜಗಳ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಯಾರಾದರೊಬ್ಬರು ಹೇಳುವ ಮಾತೊಂದಿದೆ: "ಭಾಳ ಮಾತಾಡಬ್ಯಾಡ, ನೂರಾ ಏಳು ಹಾಕಸ್ತೀನಿ ನೋಡು." ಇಷ್ಟು ಸಾಕು. ಕಲಂ ಅಂತ ಹೇಳಬೇಕಾಗಿಲ್ಲ, ಯಾವ ಕಾನೂನು ಅಂತ ಬಿಡಿಸಬೇಕಾಗಿಲ್ಲ. 420 ಅಂದರೆ ಮೋಸ ಅಂತ ಹೇಗೆ ಇಡೀ ದೇಶಕ್ಕೆ ಗೊತ್ತೋ, 107 ಅಂದರೆ ತಹಶೀಲ್ದಾರ್ ಕಚೇರಿಗೆ ತಿರುಗಾಡೋದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

ತಮಾಷೆ ಅಂದರೆ ಆ ಸಂಖ್ಯೆ ಈಗ ಕಾನೂನಿನಲ್ಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ 1973ರ ಸಂಹಿತೆಯಲ್ಲೂ ಅದು 107 ಆಗಿಯೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೇ ಕಲಂ. ಸಂಖ್ಯೆ ಬದಲಾಯಿತು, ವಿಷಯ ಹೆಚ್ಚುಕಡಿಮೆ ಹಾಗೇ ಉಳಿಯಿತು. ಜನರ ಬಾಯಲ್ಲಂತೂ ಇವತ್ತಿಗೂ ನೂರಾ ಏಳೇ.

ಈ ಕಲಂ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಕುತೂಹಲ. ಉಳಿದ ಕ್ರಿಮಿನಲ್ ಕಾನೂನು ಆಗಿಹೋದದ್ದರ ಬಗ್ಗೆ ಮಾತಾಡುತ್ತದೆ: ಕದ್ದೆ, ಹೊಡೆದೆ, ಕೊಂದೆ. ಇದು ಮಾತ್ರ ಇನ್ನೂ ಆಗದೇ ಇರುವುದರ ಬಗ್ಗೆ ಮಾತಾಡುತ್ತದೆ. ನೀವು ಯಾವ ತಪ್ಪನ್ನೂ ಮಾಡಿಲ್ಲ. ಆದರೆ ಮಾಡಬಹುದು ಅಂತ ಪೊಲೀಸರು ವರದಿ ಕೊಟ್ಟಿದ್ದಾರೆ. ಹಾಗಾಗಿ "ಒಂದು ವರ್ಷ ಶಾಂತಿಯಿಂದ ಇರುತ್ತೇನೆ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ" ಎಂದು ಯಾಕೆ ಬರೆದುಕೊಡಬಾರದು ಅಂತ ದಂಡಾಧಿಕಾರಿ ಕೇಳುತ್ತಾರೆ. ಬಂದು ಕಾರಣ ಹೇಳುವ ಹೊಣೆ ನಿಮ್ಮದು.

ಹೀಗೆ ಬರೆದುಕೊಡುವ ಕಾಗದಕ್ಕೆ ಕನ್ನಡದಲ್ಲಿ ಮುಚ್ಚಳಿಕೆ ಅನ್ನುತ್ತೇವೆ. ಮುಚ್ಚಳಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಅನ್ನಿಸುತ್ತದೆ, ಬಾಯಿಗೆ ಮುಚ್ಚಳ ಹಾಕುವ ಕಾಗದ ಅಲ್ಲವೇ! ಆದರೆ ಪದ ಬಂದದ್ದು ಬಹಳ ದೂರದಿಂದ. ಮಧ್ಯ ಏಷ್ಯಾದ ತುರ್ಕಿ ಮತ್ತು ಮಂಗೋಲರ ಆಡಳಿತದಲ್ಲಿ ಬರೆದುಕೊಟ್ಟ ಕರಾರಿಗೆ ಬಳಕೆಯಲ್ಲಿದ್ದ ಪದ ಪಾರಸಿಗೆ ಬಂದು 'ಮುಚಲ್ಕಾ' ಆಯಿತು. ಅಲ್ಲಿಂದ ಹಿಂದಿ, ಮರಾಠಿ, ಕನ್ನಡ, ತೆಲುಗುಗಳ ಕಚೇರಿ ಭಾಷೆಗೆ ಇಳಿಯಿತು. ಜಾಮೀನು ಅನ್ನುವುದೂ ಹೀಗೆ ಬಂದದ್ದೇ. ಹಳೆಯ ಕಚೇರಿ ಭಾಷೆಯಲ್ಲಿ ಜಾಮೀನಿಗೆ ಬಗೆಬಗೆಯ ಹೆಸರುಗಳಿದ್ದವು. ಕರೆದಾಗ ಬರುತ್ತಾನೆ ಅನ್ನುವುದಕ್ಕೆ ಹಾಜರ್ ಜಾಮೀನು, ಹಣ ಕಟ್ಟುತ್ತಾನೆ ಅನ್ನುವುದಕ್ಕೆ ಮಾಲ್ ಜಾಮೀನು, ನಡತೆ ನೆಟ್ಟಗಿರುತ್ತದೆ ಅನ್ನುವುದಕ್ಕೆ ಫೈಲ್ ಜಾಮೀನು. ಒಬ್ಬನ ನಡತೆಗೆ ಇನ್ನೊಬ್ಬ ಹೊಣೆ ಹೊರುವ ಪದ್ಧತಿ ಬ್ರಿಟಿಷರು ತಂದ ಹೊಸ ವಿದ್ಯೆ ಏನಲ್ಲ.

ಬ್ರಿಟಿಷರು ತಂದದ್ದು ಅದರ ಇನ್ನೊಂದು ಕವಲು. ಇಂಗ್ಲೆಂಡಿನಲ್ಲಿ 1361ರಲ್ಲಿ, ಮೂರನೇ ಎಡ್ವರ್ಡನ ಕಾಲದಲ್ಲಿ, ಒಂದು ಕಾನೂನಾಯಿತು. ಫ್ರಾನ್ಸಿನ ಜೊತೆಗಿನ ಯುದ್ಧ ಆಗಷ್ಟೇ ತಣ್ಣಗಾಗಿತ್ತು, ಕೆಲಸವಿಲ್ಲದ ಸೈನಿಕರು ಊರೂರು ತಿರುಗುತ್ತಿದ್ದರು. ಒಳ್ಳೆಯ ಹೆಸರಿಲ್ಲದವರಿಂದ ನಡತೆಗೆ ಜಾಮೀನು ತೆಗೆದುಕೊಳ್ಳುವ ಅಧಿಕಾರ ಊರಿನ ಶಾಂತಿಪಾಲಕ ನ್ಯಾಯಾಧೀಶರಿಗೆ ಬಂತು. ನಾಲ್ಕು ಶತಮಾನದ ನಂತರ ಬ್ಲ್ಯಾಕ್‌ಸ್ಟನ್ ಎಂಬ ಕಾನೂನು ಪಂಡಿತ ಇದನ್ನು ಹೊಗಳಿದ. ಶಿಕ್ಷಿಸುವ ನ್ಯಾಯಕ್ಕಿಂತ ತಡೆಯುವ ನ್ಯಾಯವೇ ಮೇಲು ಅನ್ನುವುದು ಅವನ ವಾದ. ತಲೆ ಒಡೆದ ಮೇಲೆ ಜೈಲಿಗೆ ಹಾಕುವುದಕ್ಕಿಂತ ತಲೆ ಒಡೆಯದಂತೆ ನೋಡಿಕೊಳ್ಳುವುದು ಒಳ್ಳೆಯದು. ಯಾರು ತಾನೇ ಬೇಡ ಅಂತಾರೆ?

ಆದರೆ ಭಾರತದಲ್ಲಿ ತಡೆಯುವುದಕ್ಕೆ ಕಂಪನಿ ಸರ್ಕಾರಕ್ಕೆ ಎರಡು ದಾರಿಗಳಿದ್ದವು. ಒಂದು, ಕರೆದು ಕೇಳಿ ಮುಚ್ಚಳಿಕೆ ಬರೆಸಿಕೊಳ್ಳುವ ದಾರಿ. ಇನ್ನೊಂದು, ಕೇಳದೆಯೇ ಕೂಡಿಹಾಕುವ ದಾರಿ. ಮುಂಬಯಿ ಸರ್ಕಾರ 1827ರಲ್ಲಿ 25ನೇ ರೆಗ್ಯುಲೇಶನ್ ಅಂತ ಒಂದನ್ನು ಮಾಡಿತು. ಅಪಾಯಕಾರಿ ಅನ್ನಿಸಿದವರನ್ನು ವಿಚಾರಣೆ ಇಲ್ಲದೆ ರಾಜಕೈದಿಯಾಗಿ ಇಟ್ಟುಕೊಳ್ಳುವ ಅಧಿಕಾರ ಅದು. ಅದೇ ವರ್ಷ ಕಿತ್ತೂರಿನ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದರು. 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ನೂರು ವರ್ಷ ದಾಟಿದ ಮೇಲೂ ಆ ರೆಗ್ಯುಲೇಶನ್ ಸತ್ತಿರಲಿಲ್ಲ. ಉಪ್ಪಿನ ಸತ್ಯಾಗ್ರಹದ ನಂತರ, 1930ರ ಮೇ 5ರಂದು, ಗಾಂಧೀಜಿಯನ್ನು ಹಿಡಿದು ಯರವಡಾಕ್ಕೆ ಒಯ್ದದ್ದು ಇದೇ 1827ರ ಕಾಗದ ಹಿಡಿದುಕೊಂಡು. ವಾದ ಇಲ್ಲ, ಸಾಕ್ಷಿ ಇಲ್ಲ, ತೀರ್ಪೂ ಇಲ್ಲ.

ಇದರ ಪಕ್ಕದಲ್ಲಿಟ್ಟು ನೋಡಿದಾಗ ಮುಚ್ಚಳಿಕೆಯ ದಾರಿ ಯಾಕೆ ಮರ್ಯಾದಸ್ಥ ದಾರಿ ಅನ್ನುವುದು ತಿಳಿಯುತ್ತದೆ. ಅಲ್ಲಿ ನಿಮ್ಮನ್ನು ಕರೆಯಬೇಕು, ನಿಮ್ಮ ಮೇಲೆ ಏನು ಹೇಳಿದ್ದಾರೆ ಅಂತ ಓದಿ ಹೇಳಬೇಕು, ಸಾಕ್ಷಿ ತೆಗೆದುಕೊಳ್ಳಬೇಕು. ಅಂದರೆ ಅದರ ಜೀವ ಇರುವುದು ವಿಚಾರಣೆಯಲ್ಲಿ. ವಿಚಾರಣೆಯನ್ನು ತೆಗೆದುಹಾಕಿದರೆ ಎರಡೂ ದಾರಿ ಒಂದೇ ಕಡೆ ಹೋಗಿ ಸೇರುತ್ತವೆ.

ಆ ವಿಚಾರಣೆ ಎಷ್ಟು ದೊಡ್ಡದಾಗಬಲ್ಲದು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಂದು ಪ್ರಕರಣವಿದೆ. ಬೆಳಗಾವಿ ಅಂದರೆ ಎಲ್ಲರೂ ನೆನೆಯುವುದು 1924ರ ಕಾಂಗ್ರೆಸ್ ಅಧಿವೇಶನವನ್ನು, ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ. ನಾನು ಹೇಳುತ್ತಿರುವುದು ಅದಕ್ಕೂ ಎಂಟು ವರ್ಷ ಹಿಂದಿನ ಮಾತು. 1916ರ ಏಪ್ರಿಲ್ 28ರಂದು ಬೆಳಗಾವಿಯಲ್ಲಿ ಬಾಲಗಂಗಾಧರ ತಿಲಕರ ಹೋಮ್ ರೂಲ್ ಲೀಗ್ ಸ್ಥಾಪನೆಯಾಯಿತು. ಮೇ 1ರಂದು ತಿಲಕರು ಅಲ್ಲಿ ಸ್ವರಾಜ್ಯ ಯಾಕೆ ಬೇಕು ಅಂತ ಮರಾಠಿಯಲ್ಲಿ ಭಾಷಣ ಮಾಡಿದರು. ತಿಂಗಳ ಕೊನೆಗೆ ಅಹಮದ್‌ನಗರದಲ್ಲಿ ಇನ್ನೆರಡು ಭಾಷಣಗಳಾದವು. ಪೊಲೀಸರು ಮೂರನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡರು.

ಎಂಟು ವರ್ಷ ಹಿಂದೆ, 1908ರಲ್ಲಿ, ಸರ್ಕಾರ ಇದೇ ತಿಲಕರ ಮೇಲೆ ರಾಜದ್ರೋಹದ ಪೂರ್ಣ ಮೊಕದ್ದಮೆ ನಡೆಸಿ ಆರು ವರ್ಷ ಮಂಡಾಲೆಗೆ ಕಳಿಸಿತ್ತು. ಆ ಸಲ ಒಂಬತ್ತು ಜನರ ಜ್ಯೂರಿ ಬೇಕಾಗಿತ್ತು. ಏಳು ಜನ ಅಪರಾಧಿ ಅಂದರು, ಇಬ್ಬರು ಅಲ್ಲ ಅಂದರು. 1916ರಲ್ಲಿ ಸರ್ಕಾರ ಹಿಡಿದದ್ದು ಸುಲಭದ ದಾರಿ: ಸಂಹಿತೆಯ 108ನೇ ಕಲಂ. ಇದು ನಮ್ಮ ನೂರಾ ಏಳರ ಪಕ್ಕದ ಮನೆ. ರಾಜದ್ರೋಹದ ಮಾತು ಹಬ್ಬಿಸುವವರಿಂದ ಸದ್ವರ್ತನೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಕಲಂ. ಇಲ್ಲಿ ಜ್ಯೂರಿ ಬೇಡ, ಅಪರಾಧ ಸಾಬೀತಾಯಿತು ಅನ್ನುವ ತೀರ್ಪು ಬೇಡ, ಮ್ಯಾಜಿಸ್ಟ್ರೇಟ್ ಒಬ್ಬರ ಆದೇಶ ಸಾಕು.

ಆ ಜುಲೈ 23ಕ್ಕೆ ತಿಲಕರಿಗೆ ಅರವತ್ತು ತುಂಬಿತು. ಅಭಿಮಾನಿಗಳು ಪುಣೆಯಲ್ಲಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಅದೇ ಹೊತ್ತಿಗೆ ಸರ್ಕಾರದ ನೋಟೀಸೂ ಬಂತು. ಆಗಸ್ಟಿನಲ್ಲಿ ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟ್ ಆದೇಶ ಕೊಟ್ಟರು: ತಿಲಕರು 20,000 ರೂಪಾಯಿಗೆ ಸ್ವಂತ ಮುಚ್ಚಳಿಕೆ ಬರೆಯಬೇಕು, ತಲಾ 10,000ಕ್ಕೆ ಇಬ್ಬರು ಜಾಮೀನುದಾರರನ್ನು ಕೊಡಬೇಕು, ಅವಧಿ ಒಂದು ವರ್ಷ. ಇದರ ಅರ್ಥ ಬಹಳ ಸರಳ. ಇನ್ನು ಒಂದು ವರ್ಷ ಹೋಮ್ ರೂಲ್ ಅಂತ ಬಾಯಿ ತೆಗೆದರೆ 40,000 ರೂಪಾಯಿ ಹೋಯಿತು. ಅದರಲ್ಲಿ ಅರ್ಧ ಗೆಳೆಯರ ಕಿಸೆಯಿಂದ.

ಪ್ರಕರಣ ಮುಂಬಯಿ ಹೈಕೋರ್ಟಿಗೆ ಹೋಯಿತು. ತಿಲಕರ ಪರ ವಾದಿಸಿದವರು ಮಹಮ್ಮದ್ ಅಲಿ ಜಿನ್ನಾ. ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಭಾಷಣಗಳನ್ನು ಇಡಿಯಾಗಿ ಓದಿದರು. ಅಲ್ಲೊಂದು ಇಲ್ಲೊಂದು ಖಾರವಾದ ವಾಕ್ಯ ಹೆಕ್ಕಿ ತೂಗುವುದಲ್ಲ, ಕೇಳುಗರ ಮೇಲೆ ಒಟ್ಟು ಭಾಷಣದ ಪರಿಣಾಮ ಏನು ಅನ್ನುವುದನ್ನು ನೋಡಬೇಕು ಅನ್ನುವುದು ಅವರ ನಿಲುವು. 1916ರ ನವೆಂಬರ್ 9ರಂದು ಮುಚ್ಚಳಿಕೆಯ ಆದೇಶ ರದ್ದಾಯಿತು. ಸ್ವರಾಜ್ಯ ಕೇಳುವುದೇ ರಾಜದ್ರೋಹ ಆಗುವುದಿಲ್ಲ ಅನ್ನುವ ಧೈರ್ಯ ಚಳವಳಿಗೆ ಬಂತು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ತಿಲಕರು ಗೆದ್ದದ್ದಲ್ಲ. "ಈ ಮನುಷ್ಯ ಮುಂದೆ ಏನೋ ಮಾಡುತ್ತಾನೆ" ಅನ್ನುವ ಸರ್ಕಾರದ ಭಯವನ್ನು ಒಂದು ನ್ಯಾಯಾಲಯ ಕೂತು ಪರೀಕ್ಷೆ ಮಾಡಿತಲ್ಲ, ಅದು ಮುಖ್ಯ. ಭಯಕ್ಕೆ ಆಧಾರ ಏನು? ಆ ಮಾತನ್ನು ನಿಜವಾಗಿ ಆಡಿದ್ದಾನೆಯೇ? ಅದರ ಅರ್ಥ ಇವರು ಹೇಳುವುದೇನಾ? ಬೆಳಗಾವಿಯ ಭಾಷಣಕ್ಕೆ ಹೈಕೋರ್ಟು ಕೇಳಿದ ಪ್ರಶ್ನೆಗಳು ಇವು. ರಾಮದುರ್ಗ ತಾಲ್ಲೂಕಿನ ಒಬ್ಬ ರೈತ ಬದುವಿನ ಮೇಲೆ ನಿಂತು ಆಡಿದ ಮಾತಿಗೂ ಇವೇ ಪ್ರಶ್ನೆ ಕೇಳಬೇಕು ಅನ್ನುತ್ತದೆ ಕಾನೂನು. ಕೇಳುವವರು ಯಾರು ಅನ್ನುವುದು ಈಗಿನ ತಕರಾರು.

ಆಗ ಈ ಸೀಮೆಯ ನಕ್ಷೆಯೇ ಬೇರೆ ಇತ್ತು. ಸವದತ್ತಿ ಪರಸಗಡ ತಾಲ್ಲೂಕಿನ ಊರು. ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲ್ಲೂಕಿಗೆ ಸೇರಿದ್ದವು. ರಾಮದುರ್ಗ ಬ್ರಿಟಿಷ್ ಮುಲುಕೇ ಅಲ್ಲ. ಭಾವೆ ಮನೆತನದ ಸಂಸ್ಥಾನ, 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಈಗ ನಾಲ್ಕೂ ಬೈಲಹೊಂಗಲ ಉಪವಿಭಾಗದ ತಾಲ್ಲೂಕುಗಳು. ಪ್ರತಿ ತಾಲ್ಲೂಕಿನ ತಹಶೀಲ್ದಾರರ ಬೋರ್ಡಿನಲ್ಲಿ "ತಾಲ್ಲೂಕಾ ದಂಡಾಧಿಕಾರಿಗಳು" ಅಂತಲೂ ಬರೆದಿರುತ್ತದೆ. ಅವರ ಮೇಲೆ ಬೈಲಹೊಂಗಲದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿ ಎಸಿ ಸಾಹೇಬರು. ಅವರು ಉಪವಿಭಾಗೀಯ ದಂಡಾಧಿಕಾರಿಯೂ ಹೌದು.

ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿ ಅನ್ನುತ್ತದೆ. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸಂಹಿತೆ ಬಹುಪಾಲು ಹಾಗೇ ಮಾಡಿತು. ಶಿಕ್ಷೆ ಕೊಡುವ ಕೆಲಸ ನ್ಯಾಯಾಧೀಶರಿಗೆ ಹೋಯಿತು, ನೂರಾ ಏಳು ಮಾತ್ರ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮೇಜಿನ ಮೇಲೆ ಉಳಿಯಿತು. 108, 109, 110ನೇ ಕಲಂಗಳನ್ನು ಮೊದಲು ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದ್ದರು. 1980ರ ತಿದ್ದುಪಡಿಯಲ್ಲಿ ಅವೂ ಕಾರ್ಯಾಂಗದ ಕಡೆಗೆ ವಾಪಸ್ ಬಂದವು. ಆಗದ ತಪ್ಪನ್ನು ತಡೆಯುವುದು ಆಡಳಿತದ ಕೆಲಸ, ತೀರ್ಪಿನ ಕೆಲಸ ಅಲ್ಲ ಅನ್ನುವ ಲೆಕ್ಕ.

ಇದರಿಂದ ಒಂದು ವಿಚಿತ್ರ ಸನ್ನಿವೇಶ ಹುಟ್ಟುತ್ತದೆ. ಒಂದೇ ಜಮೀನು ಅಂತ ಇಟ್ಟುಕೊಳ್ಳಿ. ಉತಾರದಲ್ಲಿ ಯಾರ ಹೆಸರು ಕೂರಬೇಕು ಅನ್ನುವ ಮೇಲ್ಮನವಿ ಕಂದಾಯದ ಲೆಕ್ಕದಲ್ಲಿ ಎಸಿ ಮುಂದೆ ಬರುತ್ತದೆ. ಅದೇ ಜಮೀನಿನ ಬದುವಿನ ಮೇಲೆ ಅಣ್ಣ ತಮ್ಮ ಕೊಡಲಿ ಹಿಡಿದು ನಿಂತರೆ, ಆ ಫೈಲು ದಂಡಾಧಿಕಾರಿಯ ಲೆಕ್ಕದಲ್ಲಿ ಅದೇ ಕಚೇರಿಗೆ ಬರಬಹುದು. ಜಗಳದ ಬೇರು, ಟೊಂಗೆ ಎರಡೂ ಒಂದೇ ಕಟ್ಟಡದಲ್ಲಿ. ಒಳ್ಳೆಯ ಅಧಿಕಾರಿ ಇದ್ದರೆ ಇದು ವರವೇ. ಬೇರಿನ ಕಡೆ ನೋಡಿ ಟೊಂಗೆ ಕತ್ತರಿಸಬಹುದು. ಆದರೆ ಅದಕ್ಕೆ ಸಮಯ ಬೇಕು. ಬೆಳೆ ಪರಿಹಾರ, ಚುನಾವಣೆ, ಪ್ರೋಟೋಕಾಲ್, ಜಾತ್ರೆಯ ಬಂದೋಬಸ್ತಿನ ನಡುವೆ ಈ ವಿಚಾರಣೆಗೆ ಸಿಗುವುದು ವಾರದ ಒಂದಿಷ್ಟು ಗಳಿಗೆ.

ಪುಸ್ತಕದ ಪ್ರಕಾರ ಹೀಗೆ ನಡೆಯಬೇಕು. ಪೊಲೀಸರು ಮುಂಜಾಗ್ರತಾ ವರದಿ ಕೊಡುತ್ತಾರೆ, ಕಚೇರಿ ಭಾಷೆಯಲ್ಲಿ ಪಿಎಆರ್. ದಂಡಾಧಿಕಾರಿ ಅದನ್ನು ಓದಿ, ಕ್ರಮಕ್ಕೆ ಸಾಕಷ್ಟು ಆಧಾರ ಇದೆ ಅನ್ನಿಸಿದರೆ ಮಾತ್ರ ಲಿಖಿತ ಆದೇಶ ಹೊರಡಿಸಬೇಕು. ಅದರಲ್ಲಿ ಬಂದ ಮಾಹಿತಿಯ ಸಾರಾಂಶ, ಮುಚ್ಚಳಿಕೆಯ ಮೊತ್ತ, ಅವಧಿ, ಎಷ್ಟು ಜನ ಜಾಮೀನುದಾರರು ಎಲ್ಲ ಇರಬೇಕು. ಸಂಬಂಧಪಟ್ಟವನಿಗೆ ಅದನ್ನು ಓದಿ ಹೇಳಬೇಕು. ಆಮೇಲೆ ಮಾಹಿತಿ ನಿಜವೋ ಸುಳ್ಳೋ ಅಂತ ಸಾಕ್ಷಿ ಕೇಳಬೇಕು. ನಿಜ ಅನ್ನಿಸಿದರೆ ಮುಚ್ಚಳಿಕೆ, ಇಲ್ಲದಿದ್ದರೆ ಬಿಡುಗಡೆ. ಮೊತ್ತ ಅವನ ಸ್ಥಿತಿಗತಿ ನೋಡಿ ಇರಬೇಕು, ವಿಪರೀತ ಇರಕೂಡದು. ಕೊನೆಯ ಆದೇಶವಾದ ಮೇಲೂ ಮುಚ್ಚಳಿಕೆ ಕೊಡದಿದ್ದರೆ ಅವಧಿ ಮುಗಿಯುವ ತನಕ ಜೈಲು. ಹಾಗಾಗಿ ಇದು ಬರೀ ಕಾಗದದ ಆಟವಲ್ಲ.

ಈ ಹೆಜ್ಜೆಗಳನ್ನು ಹಾರಿಸಬಾರದು ಅಂತ ಸುಪ್ರೀಂ ಕೋರ್ಟು ಹೇಳಿ ಐವತ್ತು ವರ್ಷ ದಾಟಿತು. ಸಮಾಜವಾದಿ ನಾಯಕ ಮಧು ಲಿಮಯೆ ಈ ಇಡೀ ಅಧ್ಯಾಯವೇ ಸಂವಿಧಾನಕ್ಕೆ ವಿರುದ್ಧ ಅಂತ ವಾದಿಸಿದ್ದರು. 1970ರ ಅಕ್ಟೋಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿದ್ದ ಏಳು ನ್ಯಾಯಾಧೀಶರ ಪೀಠ ಅಧ್ಯಾಯವನ್ನು ಎತ್ತಿಹಿಡಿಯಿತು. ಆದರೆ ಒಂದು ಗೆರೆಯನ್ನೂ ಎಳೆಯಿತು: ವಿಚಾರಣೆ ಶುರುವಾಗುವ ಮೊದಲೇ ಮಧ್ಯಂತರ ಮುಚ್ಚಳಿಕೆ ಕೇಳುವಂತಿಲ್ಲ. ಮೊದಲು ವಿಚಾರಣೆ, ಆಮೇಲೆ ತುರ್ತು ಅನ್ನಿಸಿದರೆ ಕಾರಣ ಬರೆದು ಮಧ್ಯಂತರ ಆದೇಶ. 1973ರ ಸಂಹಿತೆ ಇನ್ನೊಂದು ಬೇಲಿ ಹಾಕಿತು. ವಿಚಾರಣೆ ಶುರುವಾಗಿ ಆರು ತಿಂಗಳಲ್ಲಿ ಮುಗಿಯಬೇಕು. ವಿಶೇಷ ಕಾರಣ ಬರೆಯದೆ ಇದ್ದರೆ ಪ್ರಕರಣ ತಾನಾಗಿಯೇ ಮುಗಿಯುತ್ತದೆ. ಹೊಸ ಸಂಹಿತೆಯಲ್ಲೂ ಈ ಎರಡು ಮಾತು 135ನೇ ಕಲಮಿನಲ್ಲಿ ಉಳಿದಿವೆ.

ಇನ್ನು ಊರಿನ ಕಡೆಯಿಂದ ನೋಡೋಣ. ಇಂಥ ಪ್ರಕರಣದಲ್ಲಿ ಸಾಮಾನ್ಯವಾಗಿ ಎರಡೂ ಪಾರ್ಟಿಯ ಮೇಲೆ ವರದಿ ಬೀಳುತ್ತದೆ. ಬೆದರಿಸಿದವನೂ ಬೆದರಿದವನೂ ಒಂದೇ ತಕ್ಕಡಿಯಲ್ಲಿ. ಪೊಲೀಸರಿಗೆ ಅದು ಸುಲಭ, ಪಕ್ಷಪಾತದ ಮಾತು ಬರುವುದಿಲ್ಲ. ಕರೆ ಬಂದ ದಿನ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು, ಬಾಂಡ್ ಪೇಪರು, ವಕೀಲರ ಫೀ. ಜಾಮೀನಿಗೆ ಬರುವವನಿಗೆ ಉತಾರ ಬೇಕು, ಅಂದರೆ ಹೊಲ ಇರುವವನೇ ಬೇಕು. ಹೊಲ ಇಲ್ಲದವನು ಹೊಲ ಇರುವವನ ಮುಂದೆ ಹೋಗಿ ನಿಲ್ಲಬೇಕು. ಎಷ್ಟೋ ಸಲ ಆ ಹೊಲ ಇರುವವನೇ ಎದುರು ಪಾರ್ಟಿಯ ಬೀಗ! ಮುಚ್ಚಳಿಕೆ ಬರೆದುಕೊಟ್ಟ ಮೇಲೆ ತಾರೀಖು ಬೀಳುತ್ತವೆ. "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಮುಂದಿನ ತಾರೀಖಿಗೆ ಬರ್ರಿ." ಸಾಕ್ಷಿ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಆರು ತಿಂಗಳಿಗೆ ಫೈಲು ಮುಚ್ಚುತ್ತದೆ. ನಿಜ ಅಂತಲೂ ಸುಳ್ಳು ಅಂತಲೂ ಯಾರೂ ಬರೆಯಲಿಲ್ಲ. ಶಿಕ್ಷೆ ಅಲ್ಲ ಅಂತ ಕಾನೂನು ಹೇಳಿದ್ದನ್ನು ಅವನು ಶಿಕ್ಷೆ ಅಂತಲೇ ಅನುಭವಿಸಿ ಬಂದಿರುತ್ತಾನೆ.

ಹಾಗಾದರೆ ಈ ಕಲಂ ತೆಗೆದೇ ಬಿಡಬೇಕಾ? ನನಗೆ ಹಾಗನ್ನಿಸುವುದಿಲ್ಲ. ಗಂಡ ಸತ್ತ ಹೆಣ್ಣುಮಗಳು ತನ್ನ ಪಾಲಿನ ಎರಡು ಎಕರೆ ಉಳುಮೆಗೆ ಇಳಿದಾಗ ಮೈದುನರು "ಕಾಲಿಟ್ಟರ ಕಡೀತೀವಿ" ಅಂದರೆ ಅವಳಿಗೆ ಇರುವ ದಾರಿ ಯಾವುದು? ಸಿವಿಲ್ ಕೋರ್ಟಿನ ತೀರ್ಪು ಬರುವಷ್ಟರಲ್ಲಿ ಎಷ್ಟು ಬಿತ್ತನೆ ಹೋಗುತ್ತವೋ. ಹಲ್ಲೆ ಪ್ರಕರಣ ದಾಖಲಿಸಲು ಹಲ್ಲೆ ಆಗಬೇಕು. ಬೆದರಿಕೆಗೂ ಏಟಿಗೂ ನಡುವಿನ ಆ ಗಳಿಗೆಯಲ್ಲಿ ಸರ್ಕಾರ ಬಂದು ನಿಲ್ಲಲಿಕ್ಕೆ ಇರುವ ಕೆಲವೇ ದಾರಿಗಳಲ್ಲಿ ಇದು ಒಂದು. ಆದರೆ ಅವಳಿಗೂ ಬೇಕಾದದ್ದು ವಿಚಾರಣೆಯೇ. ಯಾರು ಯಾರಿಗೆ ಬೆದರಿಸಿದರು ಅಂತ ಒಬ್ಬರು ಕೂತು ಕೇಳಿ ಬರೆಯದಿದ್ದರೆ, ಮೈದುನರ ಜೊತೆ ಅವಳ ಹೆಸರೂ ಪಾರ್ಟಿ ನಂಬರ್ ಎರಡು ಅಂತ ಬಿದ್ದು, ಅವಳೂ ಜಾಮೀನು ಹುಡುಕಿಕೊಂಡು ತಿರುಗಬೇಕಾಗುತ್ತದೆ.

ಇದೆಲ್ಲ ಹಳ್ಳಿಯ ಮಾತು, ನಮಗೇನು ಅಂತ ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅನ್ನಿಸಬಹುದು. ಬೈಲಹೊಂಗಲದಲ್ಲಿ ಕನಿಷ್ಠ ವರದಿ ಕೊಡುವವರು ಪೊಲೀಸರು, ಕೇಳುವವರು ಕಂದಾಯ ಅಧಿಕಾರಿ. ಬೆಂಗಳೂರಿನಂಥ ಕಮಿಷನರೇಟ್ ಊರಿನಲ್ಲಿ ಈ ಅಧಿಕಾರ ಡಿಸಿಪಿಗಳ ಕೈಯಲ್ಲೇ ಇದೆ. ಠಾಣೆಯವರು ವರದಿ ಕೊಡುತ್ತಾರೆ, ಅವರ ಮೇಲಧಿಕಾರಿ ದಂಡಾಧಿಕಾರಿಯಾಗಿ ಕೂತು ಕೇಳುತ್ತಾರೆ. ತಮಿಳುನಾಡಿನಲ್ಲಿ ಡಿಸಿಪಿಗಳಿಗೆ ಹೀಗೆ ಅಧಿಕಾರ ಕೊಟ್ಟದ್ದನ್ನು 2023ರಲ್ಲಿ ಮದ್ರಾಸ್ ಹೈಕೋರ್ಟು ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂತ ರದ್ದು ಮಾಡಿತು. ಈ ವಿಷಯದಲ್ಲಿ ಹಳ್ಳಿಯವರಿಗಿಂತ ನಗರದವರ ಬೇಲಿಯೇ ತೆಳು.

ನಿಮ್ಮ ಊರಿನಿಂದ ಕಾಕಾನೋ ಮಾಮಾನೋ ಯಾವತ್ತಾದರೂ ಫೋನ್ ಮಾಡಿ "ನನ್ನ ಮ್ಯಾಲ ನೂರಾ ಏಳು ಹಾಕ್ಯಾರಪಾ" ಅಂದರೆ, ಗಾಬರಿಯಲ್ಲಿ ಯಾರಿಗೋ ಫೋನ್ ಮಾಡಿಸುವ ಮೊದಲು ಮೂರು ಮಾತು ಕೇಳಿ. ಕೈಗೆ ಲಿಖಿತ ಆದೇಶದ ಪ್ರತಿ ಬಂದಿದೆಯಾ? ಅದರಲ್ಲಿ ನಿಮ್ಮ ಮೇಲೆ ಏನು ಹೇಳಿದ್ದಾರೆ ಅನ್ನುವ ಸಾರಾಂಶ ಇದೆಯಾ, ಅಥವಾ ಬರೀ "ಶಾಂತಿಭಂಗದ ಸಂಭವ" ಅಂತ ಅಚ್ಚು ಹಾಕಿದ ಸಾಲಾ? ವಿಚಾರಣೆ ಶುರುವಾದ ತಾರೀಖು ಯಾವುದು? ಮೂರನೆಯದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಹೇಳಿ, ಆರು ತಿಂಗಳು ಅಲ್ಲಿಂದ ಎಣಿಸಬೇಕು. ಸಾಕ್ಷಿ ಹೇಳುವವರಿದ್ದರೆ ಮುಂದಿನ ತಾರೀಖಿಗೆ ಕರೆದುಕೊಂಡು ಹೋಗಲು ಹೇಳಿ, ನನ್ನ ಮಾತೂ ಬರಕೊಳ್ಳಿ ಅಂತ ಕೇಳಲು ಹೇಳಿ. ಬೆಳಗಾವಿಯಲ್ಲಿ ಆಡಿದ ಮಾತನ್ನು ಪೂರ್ತಿ ಓದಿ ಅಂತ ಜಿನ್ನಾ ಮುಂಬಯಿಯಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.